ಮಕ್ಕಳ ಮಾತಿಗೆ ಕಿವಿಗೊಡುವ ಕಾಯಕ: ಸಾಂಖಳಿಯ ಭಕ್ತರ ಬೇಡಿಕೆಯ ಮೇಲೆ ಒಂದು ಅಧ್ಯಯನ



ಗೋವೆಯ ಭಕ್ತರ ಭೇಟಿಗೆಂದು ಚೋರ್ಲಾ ಘಾಟು ಇಳಿದು ಸಾಂಖಳಿಗೆ ಹೋದಾಗ ಅಲ್ಲಿಯ ಕೆಲವು ತಂದೆ-ತಾಯಂದಿರು ನಮ್ಮ ಮುಂದೆ ಒಂದು ಬೇಡಿಕೆ ಇಟ್ಟರು. ಜಾತ್ರೆಗೆ ಬಸ್ಸು ಬಿಡಿಸಿರಿ, ಕಲ್ಯಾಣ ಮಂಟಪಕ್ಕೆ ದೇಣಿಗೆ ಕೊಡಿಸಿರಿ ಎಂಬಂಥ ಬೇಡಿಕೆಗಳು ನಮಗೆ ರೂಢಿಯಾಗಿವೆ. ಇದು ಆ ಜಾತಿಯದಾಗಿರಲಿಲ್ಲ. "ಹುಡುಗ್ರು ಮನ್ಯಾಗ ಮಾತಾಡೂದ ಬಿಟ್ಟಾರ್ರಿ. ಸಾಲಿಂದ ಬರತಾರ, ಉಣತಾರ, ಮೊಬೈಲ್ ಹಿಡದು ಮೂಲ್ಯಾಗ ಕುಂಡ್ರತಾರ. ಮಠದಿಂದ ಯಾರನ್ನರ ಕಳಸ್ರಿ, ನಾಕು ಬುದ್ಧಿಮಾತು ಹೇಳ್ಲಿ" ಎಂದರು. ಪೂಜ್ಯರಿಗೆ ಅರಿಕೆ ಮಾಡಿಕೊಂಡೆವು. "ವಿಚಾರ ಮಾಡಿ, ತಿಳಿದವರನ್ನು ಕೇಳಿ, ಆಮೇಲೆ ಭಕ್ತರಿಗೆ ಬರೆಯಿರಿ" ಎಂದು ಅಪ್ಪಣೆಯಾಯಿತು. ಅದರಂತೆ ಈ ಬರಹ.

ಮೊದಲೇ ಒಂದು ಮಾತು. ನಾವು ಬಿ.ಕಾಂ. ಓದಿದವರು. ಮಠದ ಕೀರ್ದಿ-ಖಾತೆ ಬರೆಯುವುದು, ವರ್ಷಕ್ಕೊಮ್ಮೆ ಆಡಿಟರ ಮುಂದೆ ಕುಳಿತು ಬೆವರುವುದು ನಮ್ಮ ಕೆಲಸ. ಮನಶ್ಶಾಸ್ತ್ರದಲ್ಲಿ ನಮಗೆ ಪರಿಶ್ರಮವಿಲ್ಲ. ಆದ್ದರಿಂದ ಓದಿ ಕೇಳಿ ತಿಳಿದದ್ದನ್ನಷ್ಟೇ ಇಲ್ಲಿ ಬರೆಯುತ್ತೇವೆ. ಹಾಗೆ ತಿಳಿದುಕೊಂಡ ಮೇಲೆ ಸಾಂಖಳಿಯ ಭಕ್ತರಿಗೆ ನಮ್ಮ ಉತ್ತರ ಇಷ್ಟು: ಜನರನ್ನು ಕಳಿಸೋಣ, ಆದರೆ ಬುದ್ಧಿಮಾತು ಹೇಳುವುದಕ್ಕೆ ಬೇಡ. ಹಾಗೇಕೆ ಎಂಬುದೇ ಈ ಪಾಠದ ವಿಷಯ.

ಪಶ್ಚಿಮದ ದೇಶಗಳಲ್ಲಿ ಶಾಲೆ, ಆಸ್ಪತ್ರೆ, ಸೆರೆಮನೆ, ಸೈನ್ಯಗಳಲ್ಲಿ 'ಚಾಪ್ಲನ್' ಎಂಬ ಒಬ್ಬರು ಇರುತ್ತಾರೆ. ಹೆಚ್ಚಾಗಿ ಅವರು ಪಾದ್ರಿಗಳು ಇಲ್ಲವೆ ಧರ್ಮಸಂಸ್ಥೆಯೊಂದರಿಂದ ಬಂದವರು. ನಮ್ಮಲ್ಲಿ ಈ ಹುದ್ದೆ ಇಲ್ಲವೇ ಇಲ್ಲವೆಂದು ತಿಳಿಯಬೇಡಿ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರವನ್ನು ನೋಡಿದವರಿಗೆ, ಮನೆಯಲ್ಲಿ ಸೈನಿಕರಿದ್ದವರಿಗೆ ಗೊತ್ತು: ಭಾರತೀಯ ಸೈನ್ಯದಲ್ಲಿ ಧರ್ಮಗುರುಗಳನ್ನು ಕಿರಿಯ ಅಧಿಕಾರಿಗಳ ದರ್ಜೆಯಲ್ಲಿ ನೇಮಿಸಿಕೊಳ್ಳುತ್ತಾರೆ. ಪೂಜೆ-ಪ್ರಾರ್ಥನೆಯ ಜೊತೆಗೆ ಮನೆ ನೆನಪಾಗಿ ಕಂಗೆಟ್ಟ ಜವಾನನ ಹತ್ತಿರ ಕುಳಿತು ಮಾತನಾಡಿಸುವುದೂ ಅವರ ಕೆಲಸವೇ. ಹೊರದೇಶದ ಶಾಲೆಗಳಲ್ಲಿ ಅಂಥವರು ವಿದ್ಯಾರ್ಥಿಗಳ ಹತ್ತಿರ ಕುಳಿತುಕೊಳ್ಳುತ್ತಾರೆ. ಸಾಂಖಳಿಯ ತಾಯಂದಿರು ಕೇಳಿದ್ದು, ಹೆಸರು ಗೊತ್ತಿಲ್ಲದಿದ್ದರೂ, ಇಂಥವರನ್ನೇ.

ಇನ್ನು ಅಲ್ಲಿಯ ಮಕ್ಕಳ ಸ್ಥಿತಿ. ನಮ್ಮ ಊರುಗಳಲ್ಲಿ ಕುಳಿತು ಓದುವ ಭಕ್ತರಿಗೆ ಇದು ಪೂರ್ತಿ ಗೊತ್ತಿರಲಿಕ್ಕಿಲ್ಲ. "ತಮ್ಮ ಗೋವಾಕ್ಕ ಹೋಗ್ಯಾನ, ಆರಾಮ ಅದಾನ" ಎಂದು ನಾವು ಸುಮ್ಮನಾಗುತ್ತೇವೆ. ಸಾಂಖಳಿಯೆಂದರೆ ಡಿಚೋಲಿ ತಾಲೂಕಿನಲ್ಲಿ ವಾಳವಂಟಿ ನದಿಯ ದಂಡೆಯ ಊರು. ಜಾಂಬೋಟಿ, ಕಣಕುಂಬಿ ದಾಟಿ ಘಾಟು ಇಳಿಯುವ ತರಕಾರಿ ಗಾಡಿಗಳು ಇದೇ ದಾರಿಯಿಂದ ಹೋಗುತ್ತವೆ. ಓದುಗರಲ್ಲಿ ಕೆಲವರ ಮಾಲೂ ಅದರಲ್ಲಿ ಇದ್ದೀತು. ಸುತ್ತಮುತ್ತ ಕಬ್ಬಿಣದ ಅದಿರಿನ ಗಣಿಗಳು. ಗಣಿ ನಡೆದ ಕಾಲದಲ್ಲಿ ಟ್ರಕ್ಕಿನ ಕೆಲಸ, ಗ್ಯಾರೇಜು, ಖಾನಾವಳಿ, ಗೌಂಡಿ ಕೆಲಸ ಎಂದು ನಮ್ಮ ಕಡೆಯ ಜನ ಅಲ್ಲಿಗೆ ಹೋಗಿ ನೆಲೆಸಿದರು. 2012ರಲ್ಲಿ ಗಣಿಗಾರಿಕೆ ನಿಂತಿತು. ನಡುವೆ ಮತ್ತೆ ಶುರುವಾಯಿತು ಎನ್ನುವಷ್ಟರಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದುಪಡಿಸಿತು, ಮಾರ್ಚಿನಿಂದ ಪುನಃ ನಿಂತಿತು. 2022ರ ಕೊನೆಗೆ ಹೊಸದಾಗಿ ಹರಾಜು ಆರಂಭವಾಗಿದೆ ನಿಜ. ಆದರೆ ನಡುವಿನ ಆ ವರ್ಷಗಳಲ್ಲಿ ತಂದೆಯ ಗಾಡಿಯ ಕಂತು ತಪ್ಪಿದ್ದನ್ನು, ಬ್ಯಾಂಕಿನವರು ಬಾಗಿಲಿಗೆ ಬಂದದ್ದನ್ನು ಮನೆಯ ಹುಡುಗರು ನೋಡಿದ್ದಾರೆ. ಹತ್ತು ವರ್ಷದ ಮಗುವಿಗೆ ಸಾಲ-ಬಡ್ಡಿ ತಿಳಿಯುವುದಿಲ್ಲವೆಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ತಿಳಿಯದಿರಬಹುದು, ಅಪ್ಪನ ಮುಖ ತಿಳಿಯುತ್ತದೆ.

ಎರಡನೆಯದು ಭಾಷೆ. ಮನೆಯಲ್ಲಿ ನಮ್ಮ ಕನ್ನಡ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹೆಚ್ಚಾಗಿ ಮರಾಠಿ ಇಲ್ಲವೆ ಕೊಂಕಣಿ. ಮೇಲಿನ ತರಗತಿಗಳಿಗೆ ಹೋದಂತೆ ಇಂಗ್ಲಿಷು. ಓಣಿಯಲ್ಲಿ ಆಡುವಾಗ ಹಿಂದಿ. ಹುಡುಗರು ಜಾಣರು, ನಾಲ್ಕೂ ಕಲಿಯುತ್ತಾರೆ. ಕೇಳಿದರೆ ನಮಗೇ ಹೆಮ್ಮೆಯಾಗುತ್ತದೆ. ಆದರೆ ಮನಸ್ಸಿಗೆ ನೋವಾದಾಗ ಅದನ್ನು ಯಾವ ಭಾಷೆಯಲ್ಲಿ ಯಾರಿಗೆ ಹೇಳಬೇಕು? ಶಾಲೆಯಲ್ಲಿ ಆದದ್ದನ್ನು ತಾಯಿಗೆ ಹೇಳಲು ಕನ್ನಡದ ಪದ ಗೊತ್ತಿಲ್ಲ. ಮನೆಯಲ್ಲಿ ಆದದ್ದನ್ನು ಶಿಕ್ಷಕಿಗೆ ಹೇಳಲು ನಾಚಿಕೆ. ಇದರ ಮೇಲೆ ಈ ಮಕ್ಕಳೇ ಮನೆಯ ದುಭಾಷಿಗಳು. ಶಾಲೆಯಿಂದ ಬಂದ ಚೀಟಿಯನ್ನು ಅಪ್ಪನಿಗೆ ಓದಿ ಹೇಳುವವನು ಅವನೇ, ಪಾಲಕರ ಸಭೆಯಲ್ಲಿ ಶಿಕ್ಷಕರ ಮಾತನ್ನು ತಾಯಿಗೆ ತಿಳಿಸುವವನೂ ಅವನೇ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸುವ ಹುಡುಗ ಏನು ಹೇಳಿಯಾನು ಎಂದು ನಗಬಹುದು, ನಾವೂ ನಕ್ಕೆವು. ದವಾಖಾನೆಯಲ್ಲಿ ತಾಯಿಯ ರೋಗದ ಸಂಗತಿಯನ್ನು ಡಾಕ್ಟರಿಂದ ಕೇಳಿ ತಾಯಿಗೆ ಹೇಳಬೇಕಾದದ್ದೂ ಅದೇ ಹುಡುಗನೆಂದು ತಿಳಿದ ಮೇಲೆ ನಗು ಬರಲಿಲ್ಲ.

ಮೂರನೆಯದು ಹೆಸರು. ಘಟ್ಟದ ಮೇಲಿನಿಂದ ಬಂದವರನ್ನು ಗೋವೆಯಲ್ಲಿ 'ಘಾಟಿ' ಎಂದು ಹೀಯಾಳಿಸುವ ರೂಢಿಯಿದೆ. ದೊಡ್ಡವರು ಅದನ್ನು ಕೇಳಿಯೂ ಕೇಳದಂತೆ ವ್ಯಾಪಾರ ಮಾಡುತ್ತಾರೆ. ಏಳನೆಯ ತರಗತಿಯ ಹುಡುಗಿಗೆ ಅದು ಬೆನ್ನ ಮೇಲೆ ಬರೆದಂತೆ. ಬೇಸಿಗೆ ಸೂಟಿಗೆ ಸವದತ್ತಿಯ ಕಡೆಗೋ ಬೈಲಹೊಂಗಲದ ಕಡೆಗೋ ಅಜ್ಜಿಯ ಊರಿಗೆ ಬಂದರೆ ಅಲ್ಲಿ ಸೋದರಮಾವನ ಮಕ್ಕಳು ಅವಳ ಕನ್ನಡ ಕೇಳಿ 'ಗೋವಾದಾಕಿ' ಎಂದು ನಗುತ್ತಾರೆ. ಎರಡು ಕಡೆಯೂ ಪರಊರಿನವಳು. ಗೋವೆಯವರನ್ನು ದೂರುವ ಮುನ್ನ ನಮ್ಮ ಅಂಗಳದ ನಗುವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಊರು, ಮನೆತನ ಹೇಳುವುದಿಲ್ಲ. ಆ ಕಡೆಯ ಒಂದು ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಎಂಟನೆಯ ತರಗತಿಯ ಮಗ ಮೂಲೆಯಲ್ಲಿ ಕುಳಿತಿದ್ದ. ತಾಯಿ, "ಅಣ್ಣಾರ, ಇವಂಗ ಒಂದೀಟು ಬುದ್ಧಿ ಹೇಳ್ರಿ" ಎಂದಳು. ನಾವು ಹೇಳಿದೆವು. ತಂದೆಯ ಕಷ್ಟ, ಕಾಯಕದ ಮಹಿಮೆ, ನಮ್ಮ ಕಾಲದಲ್ಲಿ ನಾವು ನಾಲ್ಕು ಮೈಲಿ ನಡೆದು ಸಾಲಿಗೆ ಹೋದದ್ದು (ಎರಡು ಮೈಲಿ ಇತ್ತು, ಹೇಳುವಾಗ ನಾಲ್ಕಾಯಿತು), ಎಲ್ಲವನ್ನೂ ಇಪ್ಪತ್ತು ನಿಮಿಷ ಹೇಳಿದೆವು. ಹುಡುಗ "ಹೂಂರಿ ಕಾಕಾರ" ಎಂದು ತಲೆಯಾಡಿಸಿದ. ಒಳ್ಳೆಯ ಹುಡುಗನೆಂದು ಬೆನ್ನು ತಟ್ಟಿ ಬಂದೆವು. ಮುಂದಿನ ವಾರದಿಂದ ಅವನು ಶಾಲೆಗೆ ಹೋಗುವುದನ್ನೇ ಬಿಟ್ಟ ಸುದ್ದಿ ಬಂತು. ನಾವು ಹೋದ ದಿನವೇ ಅವನ ಚೀಲದಲ್ಲಿ ಶಾಲೆಯ ಚೀಟಿ ಇತ್ತಂತೆ. ಸಹಪಾಠಿಗಳು ತಿಂಗಳಿಂದ ಅವನ ಡಬ್ಬಿಯ ರೊಟ್ಟಿ ನೋಡಿ ಆಡಿಕೊಳ್ಳುತ್ತಿದ್ದರು, ಒಂದು ದಿನ ಅವನು ಒಬ್ಬನಿಗೆ ಹೊಡೆದುಬಿಟ್ಟಿದ್ದ, ತಂದೆಯನ್ನು ಕರೆತರಲು ಹೇಳಿದ್ದರು. ತಂದೆ ಒಂದು ದಿನದ ಕೂಲಿ ಬಿಟ್ಟು ಬರಬೇಕಲ್ಲ ಎಂದು ಅವನು ಚೀಟಿ ಮುಚ್ಚಿಟ್ಟಿದ್ದ. ತಂದೆಯ ಕಷ್ಟವನ್ನು ನಾವು ಯಾರಿಗೆ ವಿವರಿಸಿದೆವೋ ಅವನು ಅದನ್ನು ನಮಗಿಂತ ಚೆನ್ನಾಗಿ ಬಲ್ಲವನಾಗಿದ್ದ. ಇಪ್ಪತ್ತು ನಿಮಿಷದಲ್ಲಿ ನಾವು ಅವನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಈ ಸಂಗತಿ ಮನಸ್ಸಿನಲ್ಲಿ ಕುಳಿತ ಮೇಲೆ ಓದಿದ್ದರಿಂದಲೋ ಏನೋ, ಇಂಗ್ಲೆಂಡಿನ ಚಾಡ್ ವರಾಹ್ ಎಂಬ ಪಾದ್ರಿಯ ಕಥೆ ನಮ್ಮನ್ನು ಬಹಳ ತಟ್ಟಿತು. 1935ರಲ್ಲಿ ಲಿಂಕನ್ ಎಂಬ ಊರಿನಲ್ಲಿ ಈತ ಹೊಸದಾಗಿ ಕೆಲಸಕ್ಕೆ ಸೇರಿದಾಗ ನಡೆಸಿದ ಮೊದಲ ಅಂತ್ಯಕ್ರಿಯೆ ಹದಿನಾಲ್ಕು ವರ್ಷದ ಹುಡುಗಿಯದು. ಅವಳು ಮೊದಲ ಸಲ ಮುಟ್ಟಾಗಿದ್ದಳು. ಅದೇನೆಂದು ಹೇಳುವವರು ಯಾರೂ ಇರಲಿಲ್ಲ. ಕೆಟ್ಟ ರೋಗ ತಗಲಿತೆಂದು ಹೆದರಿ ಪ್ರಾಣ ಕಳೆದುಕೊಂಡಿದ್ದಳು. ಕೇಳಬಹುದಾದ ಒಬ್ಬರು ಇದ್ದಿದ್ದರೆ ಆ ಮಗು ಉಳಿಯುತ್ತಿತ್ತು ಎಂಬುದು ಆ ಪಾದ್ರಿಯನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ತನ್ನ ಚರ್ಚಿನಲ್ಲಿ ಒಂದು ಟೆಲಿಫೋನು ಇಟ್ಟು, ಬದುಕು ಸಾಕೆನಿಸಿದವರು ಮಾತನಾಡಬಹುದೆಂದು ಸಾರಿದ. ಜನ ಬರತೊಡಗಿದರು. ಪಾದ್ರಿಯ ಸರದಿಗೆ ಕಾಯುವವರಿಗೆ ಚಹಾ ಕೊಟ್ಟು ಜೊತೆಗೆ ಕುಳಿತುಕೊಳ್ಳಲು ಕೆಲವು ಸ್ವಯಂಸೇವಕರು ಸೇರಿಕೊಂಡರು. ಸ್ವಲ್ಪ ದಿನದಲ್ಲಿ ಆತ ಒಂದು ವಿಚಿತ್ರ ಗಮನಿಸಿದ. ಚಹಾ ಕುಡಿಯುತ್ತ ಆ ಸಾಮಾನ್ಯರ ಮುಂದೆ ಮನಸ್ಸು ಬಿಚ್ಚಿದ ಎಷ್ಟೋ ಜನಕ್ಕೆ ಪಾದ್ರಿಯ ಭೇಟಿಯೇ ಬೇಕಾಗುತ್ತಿರಲಿಲ್ಲ. 1954ರಲ್ಲಿ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದ. ಸಮಾರಿಟನ್ಸ್ ಎಂಬ ಆ ಸಂಸ್ಥೆ ಇಂದಿಗೂ ಇದೆ. ಧರ್ಮಬೋಧನೆ ಮಾಡಕೂಡದೆಂಬುದು ಪಾದ್ರಿಯೊಬ್ಬ ಕಟ್ಟಿದ ಆ ಸಂಸ್ಥೆಯ ಕಟ್ಟುನಿಟ್ಟಿನ ನಿಯಮ.

ಇಲ್ಲಿ ನಮ್ಮ ತಾಯಂದಿರಿಗೆ ಒಂದು ಮಾತು. ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ, ಮುಟ್ಟಿನ ಸೂತಕ ಅವುಗಳಲ್ಲಿ ಒಂದು. ಒಂಬತ್ತು ಶತಮಾನದ ಹಿಂದೆಯೇ ನಮ್ಮ ಧರ್ಮ ಅಶುದ್ಧಿಯಲ್ಲವೆಂದು ಹೇಳಿದ್ದನ್ನು ಇಂದಿಗೂ ನಮ್ಮ ಎಷ್ಟು ಮನೆಗಳಲ್ಲಿ ಮಗಳಿಗೆ ಮುಂಚಿತವಾಗಿ ಹೇಳಿರುತ್ತೇವೆ?

ಧರ್ಮಸಂಸ್ಥೆಯವರು ಶಾಲೆಯೊಳಗೆ ಹೋಗುವುದರಲ್ಲಿ ತೊಡಕಿದೆ. ಅದನ್ನು ಮುಚ್ಚಿಡಬಾರದು. ಆಸ್ಟ್ರೇಲಿಯಾದಲ್ಲಿ ಜಾನ್ ಹೋವರ್ಡ್ ಪ್ರಧಾನಿಯಾಗಿದ್ದಾಗ, 2007ರಿಂದ, ಶಾಲೆಗಳಿಗೆ ಚಾಪ್ಲನ್‌ರನ್ನು ಕೊಡಲು ಕೇಂದ್ರ ಸರ್ಕಾರವೇ ಹಣ ಕೊಡತೊಡಗಿತು. ರಾನ್ ವಿಲಿಯಮ್ಸ್ ಎಂಬ ಒಬ್ಬ ಪಾಲಕರು ಕೋರ್ಟಿಗೆ ಹೋದರು. 2012ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಅಲ್ಲಿಯ ಅತ್ಯುನ್ನತ ನ್ಯಾಯಾಲಯ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ನಿಂತದ್ದು ಹಣ ಕೊಡುವ ಅಧಿಕಾರದ ಪ್ರಶ್ನೆಯ ಮೇಲೆ. ಆದರೆ ಊರೂರಿನ ಪಾಲಕರ ಜಗಳ ಬೇರೆಯೇ ಆಗಿತ್ತು: ನನ್ನ ಮಗುವಿನ ದುಃಖ ಕೇಳಲು ಬಂದವರು ತಮ್ಮ ಮತ ಹೇಳಿಕೊಟ್ಟರೆ? ಮತಪ್ರಚಾರ ಕೂಡದೆಂಬ ನಿಯಮವಿದ್ದರೂ ಅನುಮಾನ ಹೋಗಲಿಲ್ಲ. 2023ರಿಂದ ಆ ಯೋಜನೆಗೆ ವಿದ್ಯಾರ್ಥಿ ಕ್ಷೇಮದ ಹೆಸರು ಬಂದಿದೆ. ಚಾಪ್ಲನ್ ಬೇಕೋ ಧರ್ಮಸಂಬಂಧವಿಲ್ಲದ ಕ್ಷೇಮಾಧಿಕಾರಿ ಬೇಕೋ ಎಂಬುದನ್ನು ಶಾಲೆಯೇ ಆರಿಸಿಕೊಳ್ಳಬಹುದು.

ನಮ್ಮ ಸಂವಿಧಾನ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 28ನೆಯ ಅನುಚ್ಛೇದದ ಪ್ರಕಾರ ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಅನುದಾನಿತ ಶಾಲೆಯಲ್ಲಿಯೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಆದ್ದರಿಂದ ಸಾಂಖಳಿಯ ಯಾವ ಶಾಲೆಗಾದರೂ ನಮ್ಮವರು ಮುಖ್ಯಾಧ್ಯಾಪಕರ ಲಿಖಿತ ಅನುಮತಿಯಿಂದಲೇ ಹೋಗಬೇಕು. ಹೋದಾಗ ಪುಸ್ತಕ, ಫೋಟೋ, ವಿಭೂತಿ ಹಂಚುವುದು ಇರಬಾರದು. ಹುಡುಗ ಲಿಂಗವಂತರವನೋ, ಲಂಬಾಣಿಯೋ, ಮುಸಲ್ಮಾನರವನೋ ಎಂದು ವಿಚಾರಿಸಲೂಬಾರದು. ಘಟ್ಟ ಇಳಿದ ಮಕ್ಕಳ ದುಃಖಕ್ಕೆ ಜಾತಿಯ ಕಾಲಂ ಇಲ್ಲ. ಇದರಿಂದ ಮಠಕ್ಕೆ ಏನು ಲಾಭ ಎಂದು ಒಬ್ಬ ಹಿರಿಯ ವ್ಯಾಪಾರಸ್ಥರು ಕೇಳಿದರು. ನಮ್ಮ ಗಡಿನಾಡಿನ ಪ್ರಸಾದ ನಿಲಯಗಳಲ್ಲಿ, ತುಮಕೂರಿನ ಸಿದ್ಧಗಂಗೆಯಲ್ಲಿ, ಉಂಡ ಮಕ್ಕಳ ಜಾತಿ ಹಿಡಿದು ಯಾರೂ ಲಾಭದ ಲೆಕ್ಕ ತೆಗೆದಿಲ್ಲವೆಂದು ಉತ್ತರ ಕೊಟ್ಟೆವು. ಅವರು ನಕ್ಕು ಐದುನೂರು ರೂಪಾಯಿಯ ಪಾವತಿ ಹರಿಸಿಕೊಂಡರು.

ಕಲಿಯದ ಸಾಮಾನ್ಯರಿಂದ ಇದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಗೋವೆಯಲ್ಲಿಯೇ ಇದೆ. 1996ರಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿ 'ಸಂಗಾತ್' ಎಂಬ ಸಂಸ್ಥೆ ಕಟ್ಟಿದರು. ಮನೋವೈದ್ಯರು ನಮ್ಮ ದೇಶದಲ್ಲಿ ಬಹಳ ಕಡಿಮೆ, ಆದ್ದರಿಂದ ವೈದ್ಯರಲ್ಲದವರಿಗೆ ತರಬೇತಿ ಕೊಟ್ಟು ನೋಡೋಣ ಎಂಬುದು ಅವರ ವಿಚಾರ. ಗೋವೆಯ ಆರೋಗ್ಯ ಕೇಂದ್ರಗಳಲ್ಲಿ ಹೀಗೆ ತಯಾರಾದ ಸ್ಥಳೀಯರ ಸಹಾಯದಿಂದ ಖಿನ್ನತೆಯ ರೋಗಿಗಳು ಹೆಚ್ಚು ಬೇಗ ಸುಧಾರಿಸಿದರೆಂದು 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಇದೇ ಸಂಸ್ಥೆಯವರು ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಹೈಸ್ಕೂಲುಗಳಲ್ಲಿ 'ಸೆಹೆರ್' ಎಂಬ ಕಾರ್ಯಕ್ರಮ ನಡೆಸಿದರು. ಕೆಲವು ಶಾಲೆಗಳಲ್ಲಿ ಹೊರಗಿನಿಂದ ಬಂದ, ತರಬೇತಿ ಪಡೆದ ಒಬ್ಬ ಸಾಮಾನ್ಯ ವ್ಯಕ್ತಿ ಮಕ್ಕಳ ಮಿತ್ರನಾಗಿದ್ದ. ಕೆಲವಲ್ಲಿ ಅದೇ ಕೆಲಸವನ್ನು ಶಾಲೆಯ ಶಿಕ್ಷಕರಿಗೇ ಒಪ್ಪಿಸಿದ್ದರು. ಉಳಿದವಲ್ಲಿ ಎರಡೂ ಇರಲಿಲ್ಲ. 2018ರಲ್ಲಿ ಫಲಿತಾಂಶ ಹೊರಬಂತು. ಹೊರಗಿನ ಮಿತ್ರನಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ, ಪರಸ್ಪರ ಪೀಡನೆ, ಹೊಡೆದಾಟ ಇಳಿದಿದ್ದವು. ಶಿಕ್ಷಕರು ನಡೆಸಿದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಶಿಕ್ಷಕ ಭಕ್ತರು ಬೇಸರಪಡಬಾರದು. ಇದು ಅವರ ಯೋಗ್ಯತೆಯ ಮಾತಲ್ಲವೆಂದು ನಮ್ಮ ತಿಳಿವಳಿಕೆ. ಪಾಠ, ಪರೀಕ್ಷೆ, ಬಿಸಿಯೂಟ, ಚುನಾವಣೆ ಕೆಲಸಗಳ ನಡುವೆ ಶಿಕ್ಷಕರಿಗೆ ಪುರುಸೊತ್ತೆಲ್ಲಿ? ಅದಕ್ಕಿಂತ ಮುಖ್ಯವಾಗಿ, ಅಂಕ ಕೊಡುವವರ ಮುಂದೆ ಮಗು ತನ್ನ ಸೋಲನ್ನು ಹೇಗೆ ಹೇಳೀತು? ಸಾಲ ಕೊಟ್ಟ ಸಾವಕಾರನ ಮುಂದೆ ನಾವು ಮನೆಯ ಅಡಚಣೆ ಹೇಳುತ್ತೇವೆಯೇ?

ಇದೇ ಮಾತು ತಿರುಗಿ ನಮ್ಮ ಮೇಲೂ ಬರುತ್ತದೆ. ಮಠದ ಸ್ವಯಂಸೇವಕರು ಸಾಂಖಳಿಯ ಹುಡುಗನಿಗೆ ನಿಜವಾಗಿ ಹೊರಗಿನವರೇ? ನಮ್ಮವರೆಲ್ಲ ಒಬ್ಬರಿಗೊಬ್ಬರು ಬೀಗರು, ನೆಂಟರು, ಇಲ್ಲವೆ ಒಂದೇ ಪೇಟೆಯ ಗಿರಾಕಿಗಳು. ಹುಡುಗಿ ಹೇಳಿದ ಮಾತು ಜಾತ್ರೆಯ ಪ್ರಸಾದದ ಪಂಕ್ತಿಯಲ್ಲಿ ಅವಳ ಕಾಕಾನ ಕಿವಿಗೆ ಬಿದ್ದರೆ, ಆ ಓಣಿಯ ಯಾವ ಮಗುವೂ ಮತ್ತೆ ಬಾಯಿ ಬಿಡುವುದಿಲ್ಲ. ನಮ್ಮ ಯೋಜನೆ ಮುರಿದರೆ ಇಲ್ಲಿಯೇ ಮುರಿಯುವುದು; ಹಣದ ಕೊರತೆಯಿಂದಲ್ಲ. ಆದ್ದರಿಂದ ಸಂಬಂಧಿಕರ, ನೆರೆಯವರ ಮಕ್ಕಳ ಹತ್ತಿರ ಆ ಸ್ವಯಂಸೇವಕರು ಕೂಡ್ರಬಾರದು. ಕೇಳಿದ್ದನ್ನು ಹೆಂಡತಿಗೂ ಹೇಳಬಾರದು, ಕಾರ್ಯದರ್ಶಿಯಾದ ನಮಗೂ ಹೇಳಬಾರದು. ಮಠದ ವಹಿಯಲ್ಲಿ ತಾರೀಖು ಮತ್ತು ಕುಳಿತ ಹೊತ್ತು ಇಷ್ಟೇ ಬರೆಯತಕ್ಕದ್ದು.

ಇನ್ನು ಕೂಡ್ರುವ ರೀತಿ. ಬಲ್ಲವರಿಂದ ಕೇಳಿ ತಿಳಿದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಮೊದಲು ಮಗುವಿನ ಎತ್ತರಕ್ಕೆ ಕುಳಿತುಕೊಳ್ಳಬೇಕು. ಹುಡುಗ ನೆಲದ ಮೇಲಿದ್ದು ನಾವು ಕುರ್ಚಿಯ ಮೇಲಿದ್ದರೆ ಅದು ವಿಚಾರಣೆಯಾಗುತ್ತದೆ. "ಯಾಕ ಹಿಂಗ ಮಾಡಿದಿ?" ಎಂದು ಆರಂಭಿಸಿದರೆ ಬಾಗಿಲು ಮುಚ್ಚಿತು. "ಈಗೀಗ ಸಾಲ್ಯಾಗ ಹೆಂಗ ಅನಸ್ತೈತಿ?" ಎಂದರೆ ಸ್ವಲ್ಪ ತೆರೆದೀತು. ಉತ್ತರ ಬಾರದಿದ್ದರೆ ಸುಮ್ಮನಿರಬೇಕು. ಈ ಸುಮ್ಮನಿರುವುದು ನಮ್ಮಂಥವರಿಗೆ ಬಹಳ ಕಠಿಣ. ವ್ಯಾಪಾರಸ್ಥರಿಗಾದರೂ ಗಿರಾಕಿ ವಿಚಾರ ಮಾಡುವಾಗ ಸುಮ್ಮನಿರುವ ಅಭ್ಯಾಸವಿದೆ. ಅದೇ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೇಳಿದ್ದನ್ನು ಅವನದೇ ಮಾತಿನಲ್ಲಿ ತಿರುಗಿ ಹೇಳಿ, "ಹಿಂಗೇನು?" ಎಂದು ಕೇಳಬೇಕು. ತಪ್ಪಿದ್ದರೆ ಅವನೇ ತಿದ್ದುತ್ತಾನೆ, ತಿದ್ದುವಾಗಲೇ ಹೆಚ್ಚು ಹೇಳುತ್ತಾನೆ.

"ನಮ್ಮ ಕಾಲದಾಗ" ಎಂಬ ಪದವನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. "ಇಷ್ಟಕ್ಕ ಅಳತಾರೇನು, ಗಂಡಸ ಅಲ್ಲೇನು?" ಎಂಬುದನ್ನೂ.

ಸಂಗಾತ್‌ದವರು ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಎರಡು-ಮೂರು ವಾರಗಳಲ್ಲಿ ನಾಲ್ಕೈದು ಚಿಕ್ಕ ಭೇಟಿಗಳಷ್ಟೇ ಇದ್ದವು. ಮಗು ತನ್ನ ತೊಂದರೆಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ, ಅದಕ್ಕೆ ಏನೇನು ಮಾಡಬಹುದೆಂದು ತಾನೇ ಯೋಚಿಸುತ್ತದೆ, ಒಂದನ್ನು ಮಾಡಿ ನೋಡಿ ಬಂದು ಹೇಳುತ್ತದೆ. ದೊಡ್ಡವರು ಜೊತೆಗಿರುತ್ತಾರೆ ಅಷ್ಟೆ. ನಮ್ಮ ರೊಟ್ಟಿಯ ಹುಡುಗನ ವಿಷಯದಲ್ಲಿ ಹಾಗೆ ಕುಳಿತಿದ್ದರೆ ಅವನೇ ಏನು ದಾರಿ ಹುಡುಕುತ್ತಿದ್ದನೋ! ಬಿಹಾರದ ಶಾಲೆಗಳಲ್ಲಿ ಹೆಸರು ಬರೆಯದೆ ಚೀಟಿ ಹಾಕುವ ಒಂದು ಪೆಟ್ಟಿಗೆಯನ್ನೂ ಇಟ್ಟಿದ್ದರು. ಬಾಯಿಂದ ಹೇಳಲಾರದ ಮಕ್ಕಳಿಗೆ ಅದು ಅನುಕೂಲ. ಇದಕ್ಕೆ ಖರ್ಚು ಒಂದು ತಗಡಿನ ಡಬ್ಬಿ ಮತ್ತು ಬೀಗ. ಬೀಗದ ಕೈ ಮಾತ್ರ ಒಬ್ಬರ ಹತ್ತಿರವೇ ಇರಬೇಕು.

ಕೆಲವು ಮಾತುಗಳನ್ನು ಕೇಳಿ ಸುಮ್ಮನಿರುವಂತಿಲ್ಲ. ಮಗು ಬದುಕು ಬೇಡವೆಂಬ ಅರ್ಥದ ಮಾತಾಡಿದರೆ ನೇರವಾಗಿ ಕೇಳಬೇಕು: "ಸಾಯಬೇಕು ಅಂತ ಅನಸ್ತೈತೇನು ತಂಗಿ?" ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂಬ ಅಂಜಿಕೆ ನಮಗೂ ಇತ್ತು, ಹಾಗಾಗುವುದಿಲ್ಲ, ಕೇಳಿದರೆ ಭಾರ ಇಳಿಯುತ್ತದೆ ಎಂಬುದು ತಜ್ಞರ ಏಕಾಭಿಪ್ರಾಯ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಪಾಲಕರಿಗೆ ತಿಳಿಸಿ ಅಂದೇ ವೈದ್ಯರ ಹತ್ತಿರ ಕರೆದೊಯ್ಯಬೇಕು. ಇಲ್ಲಿ ಗುಟ್ಟು ಇಲ್ಲ. ಇದನ್ನು ಮೊದಲ ದಿನವೇ ಮಗುವಿಗೆ ಹೇಳಿರಬೇಕು. 2022ರ ಅಕ್ಟೋಬರ್ 10ರಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರು 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಪೊಲೀಸು ಕೇಸಿನ ಹೆದರಿಕೆಯಿಂದ ಕೆಲವರು ಇಂಥದನ್ನು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸುವಂತಿಲ್ಲ.

ದೇಶದ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಪರೀಕ್ಷೆಯ ಸೋಲು ಕಾರಣವೆಂದು ನಮೂದಾದ ಪ್ರಕರಣಗಳು 2,248. ಫಲಿತಾಂಶದ ವಾರದಲ್ಲಿ ಮಾತ್ರ ಎಚ್ಚರವಾಗಿದ್ದರೆ ಸಾಲದೆಂದು ಈ ಅಂಕಿಗಳೇ ಹೇಳುತ್ತವೆ. ಇವನ್ನು ಎದುರಿಗಿಟ್ಟುಕೊಂಡೇ ಸುಪ್ರೀಂ ಕೋರ್ಟು 2025ರ ಜುಲೈ 25ರಂದು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕೆಂದು ನಿರ್ದೇಶನ ಕೊಟ್ಟಿದೆ. ಗೋವೆಯಲ್ಲಿ ಶಿಕ್ಷಣ ಅಭಿವೃದ್ಧಿ ನಿಗಮದ ಮೂಲಕ ಹೈಸ್ಕೂಲುಗಳಿಗೆ ಆಪ್ತಸಮಾಲೋಚಕರನ್ನು ಕೊಡುವ ವ್ಯವಸ್ಥೆ ಮೊದಲೇ ಇದೆ. ನಮ್ಮವರು ಅವರಿಗೆ ಬದಲಿ ಆಗಲಾರರು, ಆಗಲೂಬಾರದು. ಕನ್ನಡ ಬಾರದ ಆ ಸಮಾಲೋಚಕರಿಗೂ ಇಂಗ್ಲಿಷು ಬಾರದ ನಮ್ಮ ತಾಯಿಗೂ ನಡುವೆ ಒಬ್ಬ ದೊಡ್ಡ ಮನುಷ್ಯ ನಿಂತು ಮಾತು ದಾಟಿಸಿದರೆ, ಆ ಹೊರೆ ಮಗುವಿನ ತಲೆಯಿಂದ ಇಳಿದಂತಾಯಿತು. ಇಷ್ಟೇ ಆದರೂ ಸಾಕು ಎಂದು ಒಮ್ಮೊಮ್ಮೆ ನಮಗೆ ಅನಿಸುತ್ತದೆ.

ಯಾರಾದರೂ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಂಡ ಸಂಗತಿಯನ್ನು ಮಗು ಹೇಳಿದರೆ, ಅವರು ಮನೆಯವರಾಗಲಿ, ಶಾಲೆಯವರಾಗಲಿ, ಮಠದವರೇ ಆಗಲಿ, 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಮುಚ್ಚಿಟ್ಟವರಿಗೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098. ಮಾನ ಮುಚ್ಚಲು ಪಂಚಾಯಿತಿ ಮಾಡುವ ಹಿರಿಯರು ಈ ಕೆಲಸಕ್ಕೆ ಬೇಡ. ಕಾವಿಯನ್ನೋ ಮಠದ ಹೆಸರನ್ನೋ ನೋಡಿ ಪಾಲಕರು ಕಣ್ಣು ಮುಚ್ಚಿ ಮಕ್ಕಳನ್ನು ಒಪ್ಪಿಸಬೇಕೆಂದು ನಾವೂ ಬಯಸುವುದಿಲ್ಲ. ಸ್ವಯಂಸೇವಕರು ತೆರೆದ ಬಾಗಿಲಿನ ಕೋಣೆಯಲ್ಲಿ, ಇನ್ನೊಬ್ಬ ದೊಡ್ಡವರ ಕಣ್ಣಳತೆಯಲ್ಲಿ ಕೂಡ್ರಬೇಕು. ಮಗುವಿನ ಮೊಬೈಲಿಗೆ ಖಾಸಗಿಯಾಗಿ ಸಂದೇಶ ಕಳಿಸಕೂಡದು, ಬೈಕಿನ ಮೇಲೆ ಒಂಟಿಯಾಗಿ ಕರೆದೊಯ್ಯಕೂಡದು. ಹೆಸರು ಕೊಟ್ಟ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಮಾಡಿಸುತ್ತೇವೆ. ಇದನ್ನು ಅವಮಾನವೆಂದು ಭಾವಿಸಿದವರು ದಾಸೋಹದ ಬೇರೆ ಕೆಲಸಗಳಿಗೆ ಬರಬಹುದು. ಪಾತ್ರೆ ತೊಳೆಯಲು ಪರಿಶೀಲನೆ ಬೇಕಿಲ್ಲ.

ಹುಡುಗಿಯರ ಹತ್ತಿರ ಕೂಡ್ರಲು ತಾಯಂದಿರೇ ಬೇಕು. ಅಕ್ಷರ ಕಡಿಮೆಯೆಂದು ಹಿಂಜರಿಯಬೇಡಿ. ಆಫ್ರಿಕದ ಜಿಂಬಾಬ್ವೆಯಲ್ಲಿ 2006ರಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ದವಾಖಾನೆಯ ಅಂಗಳದಲ್ಲಿ ಮರದ ಬೆಂಚಿನ ಮೇಲೆ ಕೂಡ್ರಿಸಿದರು. ಮನಸ್ಸು ನೊಂದವರು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಹೇಳಿಕೊಳ್ಳುತ್ತಾರೆ. ಇಂದು ಬೇರೆ ದೇಶಗಳವರೂ ಅದನ್ನು ನೋಡಿ ಬೆಂಚು ಹಾಕುತ್ತಿದ್ದಾರೆ. ಕೂಡ್ರುವ ಅಜ್ಜಿಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ತರಬೇತಿಯಿಲ್ಲದೆ ಮಾತ್ರ ಯಾರನ್ನೂ ಕಳಿಸುವುದಿಲ್ಲ.

ರೊಟ್ಟಿಯ ಹುಡುಗನ ಮನೆಗೆ ನಾವು ಮತ್ತೆ ಎರಡು ಸಲ ಹೋದೆವು. ಮೊದಲ ಸಲ ಅವನು ಮಾತನಾಡಲಿಲ್ಲ, ನಾವೂ ಮಾತನಾಡಲಿಲ್ಲ, ಕ್ರಿಕೆಟ್ ನೋಡಿದೆವು. ಎರಡನೆಯ ಸಲ, "ಕಾಕಾರ, ಅವತ್ತ ನೀವ್ ಹೇಳಿದ್ದು ನಾ ಒಂದೂ ಕೇಳಲಿಲ್ರಿ" ಎಂದ. ಆಮೇಲೆ ಒಂದು ತಾಸು ಅವನೇ ಹೇಳಿದ. ಏನೆಂಬುದನ್ನು ಮೇಲಿನ ನಿಯಮದಂತೆ ಬರೆಯುವಂತಿಲ್ಲ. ಅವನ ತಂದೆಯ ಜೊತೆ ಶಾಲೆಗೆ ಹೋಗಿ ಮಾತು ದಾಟಿಸಿ ಬಂದೆವು. ಈಗ ಒಂದು ವರ್ಷ ಹಿಂದೆ ಬಿದ್ದಿದ್ದಾನೆ, ಆದರೆ ಹೋಗುತ್ತಿದ್ದಾನೆ.

ಕನ್ನಡದ ಜೊತೆಗೆ ಮರಾಠಿ ಅಥವಾ ಕೊಂಕಣಿ ಬಲ್ಲ, ತಿಂಗಳಿಗೆ ಎರಡು ಭಾನುವಾರ ಬಿಡುವಿರುವ ಭಕ್ತರು ಬಸವ ಜಯಂತಿಯೊಳಗೆ ಮಠದ ಕಚೇರಿಗೆ ಹೆಸರು ಕೊಡಬೇಕು. ಬರುವ ಶಾಲಾ ವರ್ಷದಿಂದ ಸಾಂಖಳಿಯಲ್ಲಿ, ಶಾಲೆಯ ಹೊರಗೆ, ಭಕ್ತರೊಬ್ಬರು ಬಿಟ್ಟುಕೊಟ್ಟ ಮುಂಗಟ್ಟಿನ ಕೋಣೆಯಲ್ಲಿ ಆರಂಭಿಸುವ ವಿಚಾರವಿದೆ. ಘಾಟು ಇಳಿದು ಹತ್ತುವ ಬಸ್ ಚಾರ್ಜನ್ನು ಮಠ ಕೊಡುತ್ತದೆ. ಚಹಾ ತಾವು ಕೊಡುತ್ತೇವೆಂದು ಅಲ್ಲಿಯ ತಾಯಂದಿರು ಹೇಳಿದ್ದಾರೆ.